ರಾಜಕಾಲುವೆಯ ಕೊಳಚೆ ಯಾರ ಲೆಕ್ಕಕ್ಕೆ?

2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕಾರ್ಖಾನೆಗಳನ್ನು ಕೂಡಲೇ ಮುಚ್ಚಿಸಿ ಅಂತ ಆದೇಶ ಮಾಡಿತು. 2018ರ ಜನವರಿಯಲ್ಲಿ ಅದೇ ಕೆರೆಗೆ ಮತ್ತೆ ಬೆಂಕಿ ಬಿತ್ತು. ಆರಿಸಲು ಸೈನಿಕರೇ ಇಳಿಯಬೇಕಾಯಿತು.

ಕಾರ್ಖಾನೆಗಳ ಮೇಲೆ ಕ್ರಮ ಬೇಕಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳ್ಳಂದೂರಿಗೆ ಹರಿದು ಬರುವುದರಲ್ಲಿ ಬಹುಪಾಲು ಮನೆಗಳ ಕೊಳಚೆ. ಅದು ಕೋರಮಂಗಲ–ಚಲ್ಲಘಟ್ಟ ಕಣಿವೆಯ ರಾಜಕಾಲುವೆಗಳಲ್ಲಿ, ಅಂದರೆ ಮಳೆನೀರಿನ ದೊಡ್ಡ ಚರಂಡಿಗಳಲ್ಲಿ, ಬರುತ್ತದೆ. ಕಾರ್ಖಾನೆಯ ಗೇಟಿಗೆ ಬೀಗ ಹಾಕಬಹುದು. ರಾಜಕಾಲುವೆಗೆ ಹಾಕಲು ಆಗುವುದಿಲ್ಲ, ಅಲ್ವಾ?

ಕೆರೆ ಕೆಟ್ಟಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಮಾಲಿನ್ಯ ನಿಯಂತ್ರಣ ಮಂಡಳಿಯವರು ಏನು ಮಾಡುತ್ತಿದ್ದಾರೆ? ಸೋಮಾರಿತನ, ಲಂಚ ಅಂತ ಉತ್ತರವನ್ನೂ ನಾವೇ ಕೊಟ್ಟುಕೊಳ್ಳುತ್ತೇವೆ. ಅವು ಇಲ್ಲವೇ ಇಲ್ಲ ಅನ್ನಲಾಗದು. ಆದರೆ ಆ ಅಧಿಕಾರಿಯ ಕೆಲಸವನ್ನು ಕಾನೂನು ಹೇಗೆ ಕಟ್ಟಿದೆ ಅಂತ ನೋಡಿದರೆ ಬೇರೆ ಕಾರಣವೊಂದು ಕಾಣುತ್ತದೆ. ಅವರ ಅಧಿಕಾರ ಶುರುವಾಗುವುದೇ ಒಂದು ಪೈಪಿನ ಬಾಯಲ್ಲಿ, ಆ ಪೈಪಿಗೊಬ್ಬ ಮಾಲೀಕ ಇದ್ದರೆ ಮಾತ್ರ. ರಾಜಕಾಲುವೆಯ ನೀರಿಗೆ ಮಾಲೀಕನೇ ಇಲ್ಲ. ಇಡೀ ತೊಡಕು ಇಲ್ಲಿದೆ ಅನ್ನುವುದು ನನ್ನ ವಾದ.

ಗೇಟಿನ ಒಳಗೆ

ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಮಂಡಳಿಯೂ ಹುಟ್ಟಿತು. ಕಾಯ್ದೆಯ ಪ್ರಕಾರ ಕೊಳಕು ನೀರು ಹೊರಬಿಡುವ ಯಾವುದೇ ಘಟಕ ಮೊದಲು ಮಂಡಳಿಯ ಒಪ್ಪಿಗೆ ಪಡೆಯಬೇಕು. ಕಟ್ಟುವ ಮೊದಲು ಸಿಎಫ್‌ಇ, ನಡೆಸಲು ಸಿಎಫ್‌ಓ ಅಂತ ಕಚೇರಿಯಲ್ಲಿ ಕರೆಯುವುದು ಇದನ್ನೇ. ಎಷ್ಟು ನೀರು ಬಿಡಬಹುದು, ಎಲ್ಲಿಗೆ ಬಿಡಬಹುದು, ಅದರಲ್ಲಿ ಏನು ಎಷ್ಟಿರಬಹುದು ಅನ್ನುವ ಷರತ್ತುಗಳೆಲ್ಲ ಅದರಲ್ಲಿ ಇರುತ್ತವೆ. ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿ ಆ ಷರತ್ತುಗಳನ್ನು ಹಿಡಿದುಕೊಂಡು ತಪಾಸಣೆಗೆ ಹೋಗುತ್ತಾರೆ. ಸೂಕ್ತ ಸಮಯದಲ್ಲಿ ಒಳಗೆ ಹೋಗಿ ಪರಿಶೀಲಿಸುವ ಅಧಿಕಾರ 23ನೇ ಕಲಂನಲ್ಲಿದೆ.

ತಿಳಿದ ಅಧಿಕಾರಿ ಒಳಗೆ ಹೋದ ಮೇಲೆ ಲಾಗ್‌ಬುಕ್ ಒಂದನ್ನೇ ನಂಬಿ ಕೂರುವುದಿಲ್ಲ. ಪುಸ್ತಕದಲ್ಲಿ ಏನು ಬೇಕಾದರೂ ಬರೆಯಬಹುದು. ಸಂಸ್ಕರಣಾ ಘಟಕಕ್ಕೆ ಬೇರೆ ಕರೆಂಟ್ ಮೀಟರ್ ಇದ್ದರೆ ಮೊದಲು ಅದನ್ನು ನೋಡಬೇಕು. ಗಾಳಿ ಊದುವ ಬ್ಲೋವರ್ ತಿಂಗಳಿಡೀ ಓಡಿದ್ದರೆ ಮೀಟರ್ ಹೇಳುತ್ತದೆ. ಓಡದಿದ್ದರೆ ಅದನ್ನೂ ಹೇಳುತ್ತದೆ. ಆ ಗಾಳಿ ಸೇರುವ ಏರೇಶನ್ ಟ್ಯಾಂಕಿನ ನೀರು ಕಂದು ಬಣ್ಣದಲ್ಲಿ, ಮಣ್ಣಿನ ವಾಸನೆಯಲ್ಲಿ ಇದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಬದುಕಿವೆ ಅಂತ ಅರ್ಥ. ಕಪ್ಪಾಗಿ ಕೊಳೆತ ನಾತ ಬಂದರೆ ಗಾಳಿ ಸಾಕಾಗಿಲ್ಲ. ಸ್ಲಡ್ಜ್, ಅಂದರೆ ತಳದಲ್ಲಿ ಉಳಿದ ಕೆಸರು, ಒಣಗಿಸುವ ಕಟ್ಟೆಯಲ್ಲಿ ಹುಲ್ಲು ಬೆಳೆದಿದ್ದರೆ ಆ ಘಟಕ ಬಹಳ ದಿನದಿಂದ ಸರಿಯಾಗಿ ನಡೆದಿಲ್ಲ. ನೀರು ಶುದ್ಧವಾದರೆ ಅದರ ಹೊಲಸು ಎಲ್ಲಾದರೂ ಉಳಿಯಲೇಬೇಕು. ಉಳಿದಿಲ್ಲ ಅಂದರೆ ಅದು ನೀರಿನ ಜೊತೆಗೇ ಹೊರಟುಹೋಗಿದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಕ್ರೋಮಿಯಂ ಲೇಪ ಕೊಡುವ ಕ್ರೋಮ್ ಪ್ಲೇಟಿಂಗ್ ಶೆಡ್‌ಗಳ ಉದಾಹರಣೆ ನೋಡಿ. ಅಲ್ಲಿನ ತೊಳೆದ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಅದು ಕ್ಯಾನ್ಸರ್ ತರುವ ವಿಷ. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಅದನ್ನು ತೆಗೆಯಲು ಮೊದಲು ಆಮ್ಲದಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅಷ್ಟು ಅಪಾಯವಿಲ್ಲದ ರೂಪಕ್ಕೆ ತರಬೇಕು. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಒಪ್ಪಿಗೆ ಪಡೆದ ವಿಲೇವಾರಿ ಜಾಗಕ್ಕೇ ಕಳಿಸಬೇಕು. ಅಂದರೆ ಎಷ್ಟು ಪ್ಲೇಟಿಂಗ್ ನಡೆದಿದೆ, ಎಷ್ಟು ಮೆಟಾಬೈಸಲ್ಫೈಟ್ ಕೊಂಡಿದ್ದಾರೆ, ಎಷ್ಟು ಕೆಸರು ಹೊರಗೆ ಕಳಿಸಿದ್ದಾರೆ ಅನ್ನುವ ಮೂರೂ ಲೆಕ್ಕ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಕ್ರೋಮಿಯಂ ಎಲ್ಲಿಗೋ ಹೋಗಿದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ ಅನ್ನುವುದನ್ನು ನೆನಪಿಡಿ.

ಈ ಕೆಲಸಕ್ಕೆ ಕಣ್ಣು, ಮೂಗು, ಕೆಮಿಸ್ಟ್ರಿ, ಅಕೌಂಟ್ಸ್ ಎಲ್ಲವೂ ಬೇಕು. ಮೂಗನ್ನು ಮಾತ್ರ ಜಾಸ್ತಿ ನಂಬುವಂತಿಲ್ಲ. ಕೊಳಚೆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ವಾಸನೆಯೇ ತಿಳಿಯದ ಹಾಗೆ ಮೂಗು ಮಂಕಾಗುತ್ತದೆ. ಕೊಳಚೆ ಶುದ್ಧೀಕರಣ ಘಟಕಗಳ (ಎಸ್‌ಟಿಪಿ) ಗುಂಡಿಗಳಿಗೆ ಇಳಿದ ಹಲವು ಕಾರ್ಮಿಕರು ಇಂಥ ಅನಿಲದಿಂದ ಸತ್ತಿದ್ದಾರೆ.

ಬಾಟಲಿಗೆ ಬೀಳುವ ಸಹಿ

ಕಣ್ಣಿಗೆ ಕಂಡದ್ದು ನ್ಯಾಯಾಲಯದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ಸ್ಯಾಂಪಲ್. ಅದನ್ನು ಹೇಗೆ ತೆಗೆಯಬೇಕು ಅಂತ 21ನೇ ಕಲಂ ವಿವರವಾಗಿ ಹೇಳುತ್ತದೆ. ಘಟಕದವರಿಗೆ ಮೊದಲು ನೋಟಿಸ್ ಕೊಡಬೇಕು. ಅವರ ಎದುರಿಗೇ ನೀರನ್ನು ಎರಡು ಪಾಲು ಮಾಡಬೇಕು. ಎರಡಕ್ಕೂ ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಘಟಕದವರು ಕೇಳಿದರೆ ಇನ್ನೊಂದು ಪಾಲನ್ನು ಸರ್ಕಾರ ಗೊತ್ತು ಮಾಡಿದ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕ್ರಮದಲ್ಲಿ ಎಡವಿದರೆ ನೀರು ಎಷ್ಟೇ ಹೊಲಸಾಗಿದ್ದರೂ ಆ ವರದಿ ಸಾಕ್ಷ್ಯವಾಗುವುದಿಲ್ಲ. ಹಾಗಾಗಿಯೇ ಅಧಿಕಾರಿಗಳು ಮಾಮೂಲಿ ತಪಾಸಣೆಗೆ ತೆಗೆಯುವ ಸ್ಯಾಂಪಲ್ಲನ್ನು ಬೇರೆ, ಕೇಸು ಹಾಕಲು ತೆಗೆಯುವ ಸ್ಯಾಂಪಲ್ಲನ್ನು ಬೇರೆ ಅಂತ ನೋಡುತ್ತಾರೆ.

ಕಾನೂನಿನ ಜೊತೆಗೆ ರಸಾಯನಶಾಸ್ತ್ರದ ನಿಯಮಗಳೂ ಇವೆ. ಲೋಹ ಅಳೆಯುವ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಬೇಕು, ಎಣ್ಣೆ–ಜಿಡ್ಡಿಗೆ ಗಾಜಿನ ಬಾಟಲಿಯೇ ಆಗಬೇಕು, ಬಿಓಡಿಗೆ ತೆಗೆದದ್ದನ್ನು ಐಸ್‌ನಲ್ಲಿಟ್ಟು ಬೇಗ ಮುಟ್ಟಿಸಬೇಕು. ಬಿಓಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಕೊಳೆಸಿ ಮುಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿನ್ನುತ್ತವೆ ಅನ್ನುವ ಅಳತೆ. ಕೆರೆ, ಹೊಳೆಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಒಳಚರಂಡಿಗೆ ಬಿಡುವುದಾದರೆ 350. ಭಾರತದಲ್ಲಿ ಈ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಬೇಕು. ವರದಿ ಬರುವಷ್ಟರಲ್ಲಿ ಆ ನೀರು ಕೆರೆ ಸೇರಿರುತ್ತದೆ. ಪೈಪಿನ ಬಾಯನ್ನೂ ತೊಳೆದಿಟ್ಟಿರುತ್ತಾರೆ.

ಇಷ್ಟಾದರೂ ಗೇಟಿನ ಒಳಗೆ ಈ ವ್ಯವಸ್ಥೆ ಕೆಲಸ ಮಾಡುತ್ತದೆ. ತಪ್ಪು ಸಾಬೀತಾದರೆ 1988ರಲ್ಲಿ ಸೇರಿದ 33ಎ ಕಲಂ ಅಡಿ ಘಟಕ ಮುಚ್ಚಿಸಬಹುದು, ಕರೆಂಟು, ನೀರು ಕಡಿಸಬಹುದು. ಮಾಲೀಕನಿಗೆ ಹೆಸರಿದೆ, ವಿಳಾಸವಿದೆ, ಕಳೆದುಕೊಳ್ಳಲು ವ್ಯಾಪಾರವೂ ಇದೆ.

ಗೇಟಿನ ಹೊರಗೆ

ರಾಜಕಾಲುವೆಯ ದಂಡೆಗೆ ಬನ್ನಿ. ಇಲ್ಲಿ ನೀರು ತೆಗೆದು ಯಾರಿಗೆ ನೋಟಿಸ್ ಕೊಡುವುದು? ಯಾರ ಎದುರಿಗೆ ಸೀಲ್ ಹಾಕುವುದು? ಮೇಲಿನ ಬಡಾವಣೆಯಲ್ಲಿ ಒಳಚರಂಡಿ ಸಂಪರ್ಕ ಇಲ್ಲದ ಮನೆಗಳಿವೆ. ತುಂಬಿ ಉಕ್ಕುವ ಮ್ಯಾನ್‌ಹೋಲ್ ಇದೆ. ಬ್ಲೋವರ್ ನಿಲ್ಲಿಸಿ ಕರೆಂಟ್ ಬಿಲ್ ಉಳಿಸುವ ಅಪಾರ್ಟ್‌ಮೆಂಟ್ ಇದೆ. ರಾತ್ರಿ ಬಂದು ಹೊಂಡದ ಕೊಳಚೆ ಸುರಿದುಹೋಗುವ ಟ್ಯಾಂಕರ್ ಇದೆ. ಎಲ್ಲರ ಕೊಳಕೂ ಒಂದಾದ ಮೇಲೆ ಒಂದು ಬಾಟಲಿ ನೀರು ಯಾರ ಮೇಲೂ ಸಾಕ್ಷಿ ಹೇಳುವುದಿಲ್ಲ.

ಮಳೆ ಬಂದರೆ ಇನ್ನೂ ಕಷ್ಟ. ಮೊದಲ ಮಳೆ ರಸ್ತೆಯ ಎಣ್ಣೆ, ಟೈರಿನ ಪುಡಿ, ವರ್ಕ್‌ಶಾಪ್ ಅಂಗಳದ ಲೋಹದ ಧೂಳನ್ನು ತೊಳೆದುಕೊಂಡು ಬರುತ್ತದೆ. ಟ್ಯಾಂಕ್ ಖಾಲಿ ಮಾಡಲು ಕಾದು ಕೂತವರಿಗೂ ಅದೇ ಒಳ್ಳೆ ಹೊತ್ತು. ನೀರು ಜಾಸ್ತಿ ಇರುವುದರಿಂದ ಎಲ್ಲವೂ ತೆಳುವಾಗಿ ಮಿತಿಯೊಳಗೇ ಇರುವಂತೆ ಕಾಣುತ್ತದೆ. ಬೆಳ್ಳಂದೂರು ಕೆರೆಯಲ್ಲಿ ಏಳುವ ನೊರೆಯ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಂಶೋಧಕರು ಕಂಡುಕೊಂಡದ್ದೂ ಮಳೆಗೆ ಸಂಬಂಧಿಸಿದ್ದೇ. ಸೋಪಿನ ಪುಡಿಯ ರಾಸಾಯನಿಕ ಒಣ ದಿನಗಳಲ್ಲಿ ಕೆಸರಿಗೆ ಅಂಟಿ ತಳದಲ್ಲಿ ಕೂರುತ್ತದೆ. ದೊಡ್ಡ ಮಳೆ ಆ ಕೆಸರನ್ನು ಕಲಕುತ್ತದೆ. ಕೋಡಿಯಲ್ಲಿ ನೀರು ಧುಮುಕಿದಾಗ ಅದು ನೊರೆಯಾಗಿ ಏಳುತ್ತದೆ. ಆಗಸ್ಟ್‌ನಲ್ಲಿ ಕಂಡ ನೊರೆಯ ಸೋಪು ಮಾರ್ಚ್‌ನಲ್ಲಿ ಬಂದದ್ದಿರಬಹುದು. ಅದನ್ನು ಯಾವ ಮಹಜರಿನಲ್ಲಿ ಬರೆಯಬೇಕು?

ಕಾಲುವೆಗೆ ಒಬ್ಬ ಯಜಮಾನ ಇದ್ದಿದ್ದರೆ ಅವರನ್ನೇ ಹಿಡಿಯಬಹುದಿತ್ತು. ಬೆಂಗಳೂರಿನಲ್ಲಿ ಕಾಲುವೆ ಪಾಲಿಕೆಯದು. ಅದರೊಳಗಿನ ಕೊಳಚೆ ಜಲಮಂಡಳಿಯದು. ಕೆರೆ ಇನ್ನೊಬ್ಬರದು. ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ನೀರು ಆ ಗಡಿಗಳನ್ನು ಕೇಳಿ ಹರಿಯುವುದಿಲ್ಲ.

ಕಾಲುವೆಗಳೇ ಎಷ್ಟು ಉಳಿದಿವೆ ಅನ್ನುವುದೂ ಪ್ರಶ್ನೆ. ಬೆಂಗಳೂರಿನ ಮಳೆನೀರಿನ ಬಗ್ಗೆ ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ಕೋರಮಂಗಲ ಕಣಿವೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿದ್ದ ಸುಮಾರು 113 ಕಿಲೋಮೀಟರ್ ಕಾಲುವೆ 63ಕ್ಕೆ ಇಳಿದಿದೆ. ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಇದ್ದದ್ದು 112 ಆಗಿದೆ. ಉಳಿದ ಕಾಲುವೆಗಳಲ್ಲಿ ಮಳೆನೀರಿಗೆ ಕೊಳಚೆ ಸೇರುತ್ತಿದೆ ಅಂತಲೂ ಅದೇ ವರದಿ ಹೇಳಿತು.

ಸರ್ಕಾರದ ಕೊಳಚೆಗೆ ಸರ್ಕಾರದ ನೋಟಿಸ್

ದೇಶದ ಮಟ್ಟದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರ್. ನಿಜವಾಗಿ ಸಂಸ್ಕರಣೆ ಆಗುತ್ತಿದ್ದದ್ದು 20,236 ದಶಲಕ್ಷ ಲೀಟರ್. ಅಂದರೆ ಮೂರನೇ ಒಂದು ಪಾಲೂ ಇಲ್ಲ. ಉಳಿದದ್ದು ಹಾಗೇ ಹೊಳೆ, ಕೆರೆ, ನೆಲಕ್ಕೆ ಹೋಯಿತು. ಈ ಕೊಳಚೆಯ ಹೊಣೆ ಪಾಲಿಕೆ, ಪುರಸಭೆ, ಜಲಮಂಡಳಿಗಳದು. ಪ್ಲೇಟಿಂಗ್ ಶೆಡ್‌ನ ಮೇಲೆ ಬಳಸಿದ ಅಸ್ತ್ರ ಇವರ ಮೇಲೆ ನಡೆಯುವುದಿಲ್ಲ. ಕೊಳಚೆ ಶುದ್ಧೀಕರಣ ಘಟಕದ ಕರೆಂಟ್ ಕಡಿದರೆ ಹೊಲಸು ಇನ್ನೂ ಜಾಸ್ತಿಯಾಗುತ್ತದೆ. ಊರನ್ನು ಮುಚ್ಚಿಸಲಂತೂ ಆಗದು.

ಉಳಿಯುವುದು ದಂಡ. 2018ರ ಡಿಸೆಂಬರ್‌ನಲ್ಲಿ ಬೆಳ್ಳಂದೂರು ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬೆಂಗಳೂರು ಪಾಲಿಕೆಯಾದ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆ ಕೆಲಸಕ್ಕೆ 500 ಕೋಟಿ ಎತ್ತಿಡಲೂ ಹೇಳಿತು. ಆ ಎತ್ತಿಟ್ಟ ಹಣಕ್ಕೆ ಅರ್ಥವಿದೆ, ಏಕೆಂದರೆ ಅದು ಕೆರೆಗೇ ಹೋಗಬೇಕು. ಆದರೆ ದಂಡ ಒಂದು ಸರ್ಕಾರಿ ಖಾತೆಯಿಂದ ಇನ್ನೊಂದಕ್ಕೆ ಹೋಗುವಾಗ ನೋವು ಯಾರಿಗೂ ಆಗುವುದಿಲ್ಲ. ಕೊಟ್ಟದ್ದು ನಮ್ಮ ತೆರಿಗೆ ದುಡ್ಡು.

ಈಗ ಹೊರೆ ಇನ್ನೂ ಏರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ನೀರು, ಮುಖ್ಯವಾಗಿ 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಪೂರ್ತಿ ನೀರು ಬಂದರೆ ದಿನಕ್ಕೆ 620 ದಶಲಕ್ಷ ಲೀಟರ್ ಹೊಸ ಕೊಳಚೆ. ಆ ಜನಕ್ಕೆ ನೀರು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಚರಂಡಿ ಮುಟ್ಟದ ಬೀದಿಗಳಲ್ಲಿ ಆ ನೀರು ಬಳಸಿದ ಮೇಲೆ ಹೋಗುವ ದಾರಿ ರಾಜಕಾಲುವೆ ಒಂದೇ.

ಹೊಸ ನಿಯಮಗಳು ಎಲ್ಲಿ ನೋಡುತ್ತಿವೆ?

2024ರಿಂದ ಈಚೆಗೆ ಕಾನೂನು ಬೇಗ ಬೇಗ ಬದಲಾಗಿದೆ. 1974ರ ಕಾಯ್ದೆಯಲ್ಲಿ ನೀರು ಕೆಡಿಸಿದವರಿಗೆ ಒಂದೂವರೆಯಿಂದ ಆರು ವರ್ಷದವರೆಗೆ ಜೈಲು ಇತ್ತು. 2024ರ ತಿದ್ದುಪಡಿ ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಮಾಡಿತು. ಮೊದಲಿಗೆ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಬಂತು. ಉಳಿದ ರಾಜ್ಯಗಳು ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ಕೇಸಿಗಿಂತ ಬೇಗ ಬೀಳುವ ದಂಡ ಮೇಲು ಅನ್ನುವ ವಾದದಲ್ಲಿ ಹುರುಳಿದೆ. ಆದರೆ ದೊಡ್ಡ ಕಾರ್ಖಾನೆಗೆ 15 ಲಕ್ಷ ಏನೇನೂ ಅಲ್ಲ. ತಿದ್ದುಪಡಿಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ ಮಾತು. ಸರ್ಕಾರಿ ಇಲಾಖೆ ತಪ್ಪು ಮಾಡಿದರೆ ಅದರ ಮುಖ್ಯಸ್ಥರು ಒಂದು ತಿಂಗಳ ಮೂಲ ವೇತನದಷ್ಟು ದಂಡ ಕಟ್ಟಬೇಕು. ಮೊತ್ತ ಸಣ್ಣದು. ಆದರೂ ಅಲ್ಲಿ ಒಬ್ಬ ವ್ಯಕ್ತಿಯ ಹೆಸರು ಬರುತ್ತದೆ.

2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. 33ಎ ಅಡಿ ಮಂಡಳಿಗಳು ಪರಿಸರ ಹಾನಿಗೆ ಪರಿಹಾರದ ಹಣವನ್ನೂ ವಸೂಲಿ ಮಾಡಬಹುದು ಅಂತ ಹೇಳಿತು. ಅದೇ ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಪರಿಸರ ಆಡಿಟ್ ನಿಯಮಗಳನ್ನು ತಂದಿತು. ಇನ್ನು ನೋಂದಾಯಿತ ಖಾಸಗಿ ಆಡಿಟರ್‌ಗಳೂ ಘಟಕಗಳನ್ನು ಪರಿಶೀಲಿಸಬಹುದು. ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ಆನ್‌ಲೈನ್ ಅಳತೆ ಯಂತ್ರ ಹಾಕಬೇಕು ಅಂತ 2014ರಲ್ಲೇ ಆದೇಶವಾಗಿತ್ತು.

ಒಂದೊಂದೂ ಅದರದರ ಜಾಗದಲ್ಲಿ ಉಪಯೋಗದ್ದೇ. ಆದರೆ ಎಲ್ಲವೂ ನೋಡುತ್ತಿರುವುದು ಗೇಟಿನ ಒಳಗೆ. ಆಡಿಟರ್ ಹೋಗುವುದು ಒಪ್ಪಿಗೆ ಪಡೆದ ಘಟಕಕ್ಕೆ. ಯಂತ್ರ ಕೂರುವುದು ಗೊತ್ತಿರುವ ಔಟ್‌ಲೆಟ್‌ನಲ್ಲಿ, ಕೊಳಕು ನೀರನ್ನು ಕದ್ದು ಹೊರಬಿಡುವ ಬೈಪಾಸ್ ಪೈಪಿನಲ್ಲಲ್ಲ.

ಖಾಸಗಿ ಆಡಿಟರ್ ಯಾಕೆ ಬೇಕಾಯಿತು ಅಂದರೆ ಮಂಡಳಿಗಳಲ್ಲಿ ಜನ ಇಲ್ಲ. ದೇಶದ ರಾಜ್ಯ ಮಂಡಳಿಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಅರ್ಧ ಖಾಲಿ ಅಂತ 2024ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ಲೆಕ್ಕವೇ ಹೇಳಿತು. ಇರುವ ಅಧಿಕಾರಿಯ ಮೇಜಿನ ಮೇಲೆ ನೀರು ಒಂದೇ ಅಲ್ಲ, ಗಾಳಿ, ಆಸ್ಪತ್ರೆ ತ್ಯಾಜ್ಯ, ಪ್ಲಾಸ್ಟಿಕ್, ನ್ಯಾಯಮಂಡಳಿಗೆ ಕೊಡಬೇಕಾದ ಉತ್ತರ ಎಲ್ಲವೂ ಇವೆ. ಗಣೇಶನ ಹಬ್ಬ ಬಂದರೆ ಪಿಓಪಿ ಮೂರ್ತಿಗಳ ತಪಾಸಣೆಯೂ ಅವರದೇ. ರಾಜಕಾಲುವೆಯ ದಂಡೆಯ ಮೇಲೆ ನಡೆಯಲು ಅವರಿಗೆ ದಿನ ಎಲ್ಲಿ ಉಳಿಯುತ್ತದೆ?

ಒಣ ತಿಂಗಳಲ್ಲಿ ಹರಿಯುವ ನೀರು

ಅಮೆರಿಕದವರು ಇದೇ ತೊಡಕಿಗೆ ಸಿಕ್ಕಿದ್ದರು. 1972ರ ಅವರ ಜಲ ಕಾನೂನು ಕಾರ್ಖಾನೆ, ಕೊಳಚೆ ಘಟಕಗಳ ಪೈಪುಗಳನ್ನು ಹಿಡಿಯಿತು. ಮಳೆನೀರಿನ ಚರಂಡಿ ತಪ್ಪಿಸಿಕೊಂಡಿತು. 1987ರಲ್ಲಿ ತಿದ್ದುಪಡಿ ಮಾಡಿ ನಗರಗಳನ್ನೇ ಲೈಸೆನ್ಸ್ ಪಡೆಯುವವರ ಸಾಲಿಗೆ ತಂದರು. ತನ್ನ ಮಳೆನೀರಿನ ಚರಂಡಿಯ ಬಾಯಿಂದ ಏನು ಹೊರಬಂದರೂ ನಗರಾಡಳಿತವೇ ಉತ್ತರ ಕೊಡಬೇಕು. ಕಳ್ಳ ಸಂಪರ್ಕ ಹುಡುಕುವುದೂ ಅದರದೇ ಕೆಲಸ. ಅದಕ್ಕೆ ಅವರು ಮಳೆ ಇಲ್ಲದ ದಿನಗಳಲ್ಲಿ ಚರಂಡಿಯ ಬಾಯಿಗಳನ್ನು ನೋಡುತ್ತಾ ಹೋಗುತ್ತಾರೆ. ಮಳೆಯಿಲ್ಲದೆ ನೀರು ಹರಿಯುತ್ತಿದ್ದರೆ ಅದು ಎಲ್ಲಿಂದಲೋ ಬಂದಿರಬೇಕು. ಅಮೋನಿಯ, ಸೋಪಿನ ಅಂಶ ಅಲ್ಲೇ ಅಳೆದರೆ ಅದು ಮನೆಯ ಕೊಳಚೆಯೋ, ಒಡೆದ ನಲ್ಲಿ ಪೈಪಿನ ನೀರೋ ತಿಳಿಯುತ್ತದೆ. ಆಮೇಲೆ ಕಾಲುವೆಯಲ್ಲಿ ಮೇಲಕ್ಕೆ ನಡೆಯುತ್ತಾ, ಕವಲು ಬಂದಲ್ಲೆಲ್ಲ ಅಳೆಯುತ್ತಾ, ಮೂಲ ಹಿಡಿಯುತ್ತಾರೆ.

ಬೆಂಗಳೂರಿಗೆ ಇದು ಹೇಳಿ ಮಾಡಿಸಿದ ಕ್ರಮ. ನಮಗೆ ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಒಣ ತಿಂಗಳು. ಆ ಹೊತ್ತಿನಲ್ಲಿ ರಾಜಕಾಲುವೆಯಲ್ಲಿ ಹರಿಯುವ ಒಂದೊಂದು ಧಾರೆಗೂ ಮೂಲ ಹುಡುಕಬಹುದು. ಕಾಲುವೆಗೆ ಬಂದು ಬೀಳುವ ಒಂದೊಂದು ಪೈಪಿಗೂ ನಂಬರ್ ಬರೆದು ನಕ್ಷೆಗೆ ಹಾಕಬಹುದು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ತರಬೇತಿ ಪಡೆದ ಜನ ಬೇಕು. ಅದಕ್ಕಿಂತ ಮೊದಲು ರಾಜಕಾಲುವೆ ಕೆರೆಗೆ ಸೇರುವ ಪ್ರತಿ ಬಾಯಿಗೂ ಒಂದು ಒಪ್ಪಿಗೆ ಪತ್ರ ಬೇಕು, ಅದರ ಕೆಳಗೆ ಒಬ್ಬ ಪಾಲಿಕೆ ಆಯುಕ್ತರ ಸಹಿ ಬೇಕು. ಆಗ ಮಂಡಳಿಯ ಅಧಿಕಾರಿ ಅಲ್ಲಿ ಬಾಟಲಿ ತುಂಬಿಸಿದರೆ ನೋಟಿಸ್ ಯಾರಿಗೆ ಅನ್ನುವ ಪ್ರಶ್ನೆ ಬರುವುದಿಲ್ಲ. ಪಾಲಿಕೆ ತನ್ನ ಪಾಲಿಗೆ ಮೇಲಿನ ಅಪಾರ್ಟ್‌ಮೆಂಟನ್ನೋ ಜಲಮಂಡಳಿಯನ್ನೋ ಹಿಡಿಯಲಿ.

ಕಾಯ್ದೆಯಲ್ಲಿ ಜನರ ಕೈಗೂ ಒಂದು ದಾರಿ ಇದೆ, ಬಹಳ ಮಂದಿಗೆ ತಿಳಿದಿಲ್ಲ. 49ನೇ ಕಲಂ ಪ್ರಕಾರ ಯಾರು ಬೇಕಾದರೂ ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು, ಆಮೇಲೆ ತಾವೇ ನ್ಯಾಯಾಲಯದಲ್ಲಿ ದೂರು ಹಾಕಬಹುದು. ಹಾಗೆ ದೂರು ಹಾಕಿದವರು ಕೇಳಿದರೆ ಮಂಡಳಿ ತನ್ನಲ್ಲಿರುವ ಸಂಬಂಧಪಟ್ಟ ವರದಿಗಳನ್ನು ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅಂತ ಅನಿಸಿದರೆ ಮಾತ್ರ ನಿರಾಕರಿಸಬಹುದು. ಕೆರೆ ಉಳಿಸಲು ಓಡಾಡುತ್ತಿರುವ ಬಡಾವಣೆಯ ಸಂಘಗಳು ಬರೀ ಫೋಟೋ, ವಿಡಿಯೋ ಹಾಕಿ ಸುಮ್ನೆ ಕೂರದೆ, ಬೇಸಿಗೆಯಲ್ಲಿ ನೀರು ಬೀಳುವ ಪೈಪಿನ ಜಾಗ, ದಿನಾಂಕ, ಹೊತ್ತು ಬರೆದಿಟ್ಟು ಈ ನೋಟಿಸ್ ಜೊತೆ ಕೊಟ್ಟರೆ, ಅಧಿಕಾರಿಗೆ ಎಲ್ಲಿ ಹೋಗಿ ಸ್ಯಾಂಪಲ್ ತೆಗೆಯಬೇಕು ಅನ್ನುವುದು ಮೊದಲೇ ತಿಳಿದಿರುತ್ತದೆ.